ಅರ್ಥವಿಲ್ಲದ ಸದ್ದು

ಸದ್ದಿಲ್ಲದ ಮನೆಯೆಂಬುದು ಲೋಕದಲ್ಲಿಲ್ಲ. ನಲ್ಲಿ ತೊಟ್ಟಿಕ್ಕುತ್ತದೆ, ಬಾಗಿಲ ಕೀಲು ಕಿರುಗುಟ್ಟುತ್ತದೆ, ಅಡಿಗೆಮನೆಯಲ್ಲಿ ಕುಕ್ಕರು ಕೂಗುತ್ತದೆ, ನಡುಮನೆಯಲ್ಲಿ ಫ್ಯಾನು ತನ್ನಷ್ಟಕ್ಕೆ ತಾನು ಗೊಣಗಿಕೊಳ್ಳುತ್ತದೆ. ಮನೆಯವರ ಕಿವಿ ಇವೆಲ್ಲವನ್ನೂ ಕೇಳಿಯೂ ಕೇಳದಂತಿರುವುದನ್ನು ಕಲಿತಿರುತ್ತದೆ. ಆದರೆ ಪರಿಚಯವಿಲ್ಲದ ಸದ್ದೊಂದು ಹೊರಟಿತೆಂದರೆ ಮನೆಯಾಕೆ ಒಡನೆಯೇ ತಲೆಯೆತ್ತಿ, “ಅದೇನು ಸದ್ದು?” ಎಂದು ಕೇಳುತ್ತಾಳೆ. ಆ ಒಂದು ಪ್ರಶ್ನೆಯಿಂದ ಎಷ್ಟೋ ಮನೆಗಳು ಕಳ್ಳಕಾಕರಿಂದಲೂ ಬೆಂಕಿಯಿಂದಲೂ ಪಾರಾಗಿವೆ.

ಹೆಡ್‌ಫೋನಿನೊಳಗಿನ ಸದ್ದಿನ ಪಾಡು ಬೇರೆ. ಅದನ್ನು ಕೇಳುವವರು ಒಬ್ಬರೇ. ಪಕ್ಕದಲ್ಲಿ ಕುಳಿತವರಿಗೆ ಕೂಡ ಅದರ ಸುಳಿವು ಹತ್ತುವುದಿಲ್ಲ. ಆದ್ದರಿಂದ “ಅದೇನು ಸದ್ದು?” ಎಂಬ ಪ್ರಶ್ನೆಯನ್ನು ಇನ್ನೊಬ್ಬರು ಕೇಳುವ ಸಂಭವವೇ ಇಲ್ಲ. ಕೇಳಿದವರೋ, ಯಂತ್ರವನ್ನು ಬೈದು ಸುಮ್ಮನಾಗುತ್ತಾರೆ. ಇಲ್ಲವೆ ವಯಸ್ಸಾದವರಾದರೆ ತಮ್ಮ ಕಿವಿಯನ್ನೇ ಶಂಕಿಸಿ ಸುಮ್ಮನಾಗುತ್ತಾರೆ.

ಕನ್ನಡನಾಡಿನ ಕೇಳುಗರಿಗೆ ಗದ್ದಲದ ಸಹವಾಸ ಹೊಸದಲ್ಲ. 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಬಾನುಲಿ ಕೇಂದ್ರವನ್ನು ಆರಂಭಿಸಿದಂದಿನಿಂದ ಸಂಗೀತ ಮನೆಬಾಗಿಲಿಗೆ ಬಂದಿತು. ಜೊತೆಯಲ್ಲಿಯೇ ಗೊರಗೊರ ಸದ್ದೂ ಬಂದಿತು. ದೂರದಲ್ಲೆಲ್ಲೋ ಮಿಂಚು ಹೊಡೆದರೆ ರೇಡಿಯೋ ಚಟಪಟಗುಟ್ಟುತ್ತಿತ್ತು. ಪಕ್ಕದ ಮನೆಯವರು ಮಿಕ್ಸಿ ತಿರುಗಿಸಿದರೆ ವಿದ್ವಾಂಸರ ಆಲಾಪನೆ ಚಟ್ನಿಯ ಜೊತೆಗೆ ಅರೆದುಹೋಗುತ್ತಿತ್ತು. ಆದರೂ ಆಗ ಒಂದು ಸಮಾಧಾನವಿತ್ತು: ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಕೇಳುತ್ತಿದ್ದರು, ಒಟ್ಟಿಗೆ ಬೈಯುತ್ತಿದ್ದರು.

ಈಗ ಸಂಗೀತ ಬರುವ ದಾರಿ ಬದಲಾಗಿದೆ. ಅದು ಮೊಬೈಲಿನಲ್ಲಿಯೂ ಕಂಪ್ಯೂಟರಿನಲ್ಲಿಯೂ ಅಂಕಿಗಳ ರೂಪದಲ್ಲಿ ಕುಳಿತಿರುತ್ತದೆ. ಸಿ.ಡಿ. ತಟ್ಟೆಯ ಲೆಕ್ಕವನ್ನೇ ಹಿಡಿದರೆ, ಧ್ವನಿಯ ಏರಿಳಿತವನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿಯೊಂದು ಅಳತೆಯನ್ನೂ 65,536 ಮೆಟ್ಟಿಲುಗಳಲ್ಲಿ ಒಂದಕ್ಕೆ ಸೇರಿಸಿ ಬರೆದಿಟ್ಟಿರುತ್ತಾರೆ. ಕಿವಿಗೆ ಅಂಕಿ ತಿಳಿಯದು. ಆದ್ದರಿಂದ ಆ ಅಂಕಿಗಳನ್ನು ಮರಳಿ ವಿದ್ಯುತ್ತಿನ ಏರಿಳಿತವಾಗಿ ಮಾಡಿಕೊಡುವ ದುಭಾಷಿಯೊಬ್ಬ ಬೇಕು. ಅಂಗಡಿಯವರು ‘ಡ್ಯಾಕ್’ ಎನ್ನುವುದು ಈ ದುಭಾಷಿಯನ್ನೇ. ಕನ್ನಡದಲ್ಲಿ ಪರಿವರ್ತಕ ಎನ್ನಬಹುದು.

ಹಿಂದೆ ಈ ಪರಿವರ್ತಕ ಮೊಬೈಲಿನ ಹೊಟ್ಟೆಯೊಳಗೇ ಇದ್ದು, ಹೆಡ್‌ಫೋನಿಗೆಂದು 3.5 ಮಿಲಿಮೀಟರಿನ ದುಂಡು ತೂತೊಂದು ಹೊರಗೆ ಕಾಣುತ್ತಿತ್ತು. 2016ರಲ್ಲಿ ಆ್ಯಪಲ್ ಸಂಸ್ಥೆ ತನ್ನ ಐಫೋನ್ 7ರಲ್ಲಿ ಆ ತೂತನ್ನು ಮುಚ್ಚಿತು. ಬರಬರುತ್ತ ಉಳಿದ ಅನೇಕ ತಯಾರಕರೂ ಅದೇ ಹಾದಿ ಹಿಡಿದರು. ತಂತಿಯ ಹೆಡ್‌ಫೋನನ್ನು ಬಿಡಲೊಲ್ಲದವರಿಗಾಗಿ ಪರಿವರ್ತಕವು ಹೊರಗೆ ಬಂದು, ಬೆರಳುದ್ದದ ತುಂಡು ತಂತಿಯಾಗಿಯೋ ಬೆಂಕಿಪೆಟ್ಟಿಗೆಯಷ್ಟು ಡಬ್ಬಿಯಾಗಿಯೋ ಜೇಬು ಸೇರಿತು.

ಇದನ್ನು ಜೋಡಿಸುವುದರಲ್ಲಿಯೇ ಕೆಲವರು ಎಡವುತ್ತಾರೆ. ನೋಡಲು ಒಂದೇ ತೆರನಾಗಿರುವ ಎರಡು ತುಂಡುಗಳಲ್ಲಿ ಒಂದರೊಳಗೆ ನಿಜವಾದ ಪರಿವರ್ತಕವಿರುತ್ತದೆ. ಇನ್ನೊಂದರೊಳಗೆ ಬರಿಯ ತಂತಿ ಮಾತ್ರ. ಬರಿಯ ತಂತಿಯ ತುಂಡು ಕೆಲಸ ಮಾಡಬೇಕಾದರೆ ಮೊಬೈಲು ಆ ಚಪ್ಪಟೆ ಕಿಂಡಿಯಿಂದ ತಾನೇ ಧ್ವನಿಯನ್ನು ಹೊರಡಿಸುವಂತಹುದಾಗಿರಬೇಕು. ಇಲ್ಲದಿದ್ದರೆ ತುಂಡು ಮೂಕವಾಗಿ ಕುಳಿತಿರುತ್ತದೆ. ಕೆಲವು ಮೊಬೈಲುಗಳಲ್ಲಿ ‘ಓ.ಟಿ.ಜಿ.’ ಎಂಬ ಅನುಮತಿಯನ್ನು ಸೆಟ್ಟಿಂಗಿನಲ್ಲಿ ಕೊಟ್ಟಲ್ಲದೆ ಹೊರಗಿನ ಡಬ್ಬಿಯನ್ನು ಅವು ಗುರುತಿಸವು. ಕಂಪ್ಯೂಟರಿಗೆ ಸಿಕ್ಕಿಸಿದಾಗಲಾದರೋ, ಧ್ವನಿ ಯಾವ ಕಡೆಗೆ ಹೋಗಬೇಕೆಂಬುದನ್ನು ಪರದೆಯ ಮೇಲೆ ಆರಿಸಿಕೊಡಬೇಕಾಗಬಹುದು. ಹೆಡ್‌ಫೋನಿನ ಪ್ಲಗ್ಗನ್ನು ‘ಕ್ಲಿಕ್’ ಎನ್ನುವವರೆಗೆ ಒಳಕ್ಕೆ ಒತ್ತಬೇಕು. ಅರ್ಧ ಕುಳಿತ ಪ್ಲಗ್ಗು ಹಾಡುವವರ ಕೊರಳನ್ನು ಬಾವಿಯೊಳಕ್ಕೆ ತಳ್ಳಿ, ಪಕ್ಕವಾದ್ಯವನ್ನು ಮಾತ್ರ ಮುಂದಕ್ಕೆ ತಂದು ಕೂರಿಸುತ್ತದೆ. ಮೊದಲು ಧ್ವನಿಯನ್ನು ತಗ್ಗಿಸಿ, ಆಮೇಲೆ ಹೆಡ್‌ಫೋನನ್ನು ಕಿವಿಗೆ ಏರಿಸುವುದು ಕ್ಷೇಮ.

ಇಷ್ಟೆಲ್ಲ ಸರಿಯಾಗಿದ್ದು, ಹಾಡು ಸೊಗಸಾಗಿ ಕೇಳುತ್ತಿರುವಾಗಲೇ ಹಿನ್ನೆಲೆಯಲ್ಲಿ ‘ಗುಂಯ್’ ಎಂಬ ಸದ್ದು ಹೊರಟರೆ ಮಾಡುವುದೇನು? ಅಂಕಿಗಳಿಗೆ ಗದ್ದಲ ಅಂಟುವುದಿಲ್ಲವೆಂದು ಹೇಳುತ್ತಾರಲ್ಲ, ಅದು ಸುಳ್ಳೆ?

ಸುಳ್ಳಲ್ಲ. ಅಂಕಿಗಳ ಈ ಪದ್ಧತಿ ಹುಟ್ಟಿದ್ದೇ ಗದ್ದಲದ ಕಾಟದಿಂದ. ಮೊದಮೊದಲಿನ ಟೆಲಿಫೋನುಗಳಿಗೆ ಒಂದೇ ತಂತಿಯಿದ್ದು, ವಿದ್ಯುತ್ತು ಮರಳಿ ಬರುವ ದಾರಿಯಾಗಿ ನೆಲವನ್ನೇ ಬಳಸುತ್ತಿದ್ದರು. ನಗರಗಳಲ್ಲಿ ವಿದ್ಯುತ್ ಟ್ರಾಮುಗಳು ಓಡತೊಡಗಿದಾಗ ಅವುಗಳ ವಿದ್ಯುತ್ತೂ ಅದೇ ನೆಲಕ್ಕಿಳಿದು, ಮಾತನಾಡುವವರ ಕಿವಿಯಲ್ಲಿ ಟ್ರಾಮುಗಳೇ ಮೊರೆಯುವಂತಾಯಿತು. ಎರಡು ತಂತಿಗಳನ್ನು ಜಡೆಯಂತೆ ಹೆಣೆದು ಈ ಕಾಟವನ್ನು ತಗ್ಗಿಸುವ ಉಪಾಯಕ್ಕೆ ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲಿ ಪೇಟೆಂಟು ಪಡೆದನು. ಆದರೂ ದೂರದ ಮಾತು ಹಾದಿಯುದ್ದಕ್ಕೂ ಗದ್ದಲವನ್ನು ಕೂಡಿಸಿಕೊಳ್ಳುತ್ತಲೇ ಬರುತ್ತಿತ್ತು. 1937ರಲ್ಲಿ ಪ್ಯಾರಿಸ್ಸಿನಲ್ಲಿ ಕೆಲಸದಲ್ಲಿದ್ದ ಅಲೆಕ್ ರೀವ್ಸ್ ಎಂಬ ಆಂಗ್ಲ ಎಂಜಿನಿಯರನು, ಧ್ವನಿಯನ್ನೇ ಕಳಿಸುವ ಬದಲು ಅದರ ಅಳತೆಯ ಅಂಕಿಗಳನ್ನು ಕಳಿಸಿದರೆ ಹೇಗೆಂದು ಯೋಚಿಸಿದನು. ಹಾದಿಯಲ್ಲಿ ಅಕ್ಷರ ಎಷ್ಟೇ ಮಸುಕಾದರೂ ಐದನ್ನು ಐದೆಂದು ಓದಬಹುದಾದರೆ, ತಲುಪಿದ್ದು ಐದೇ ಅಲ್ಲವೇ? ಇಂದಿನ ಮೊಬೈಲಿನೊಳಗಿನ ಸಂಗೀತವೆಲ್ಲ ಆ ಯೋಚನೆಯ ಸಂತಾನ.

ಆದರೆ ಅಂಕಿಗಳ ರಕ್ಷಣೆ ಪರಿವರ್ತಕದ ಹೊಸ್ತಿಲವರೆಗೆ ಮಾತ್ರ. ಹೊಸ್ತಿಲು ದಾಟಿ ಈಚೆಗೆ ಬಂದ ಕೂಡಲೆ ಸಂಗೀತ ಮತ್ತೆ ವಿದ್ಯುತ್ತಿನ ಏರಿಳಿತವೇ. ಟ್ರಾಮಿನ ಕಾಲದ ಅಪಾಯಗಳೆಲ್ಲ ಅಲ್ಲಿಂದ ಮುಂದೆ ಅದಕ್ಕೂ ಉಂಟು. ಮನೆಯ ಸಾಕೆಟ್ಟಿನಲ್ಲಿರುವುದು 230 ವೋಲ್ಟು. ಹೆಡ್‌ಫೋನಿನಲ್ಲಿಯಾದರೋ ಒಂದು ವೋಲ್ಟಿನ ಸಾವಿರದಲ್ಲೊಂದು ಪಾಲೂ ಕಿವಿಗೆ ಕೇಳಿಸುತ್ತದೆ. ಇಷ್ಟು ದೊಡ್ಡದರ ಮಗ್ಗುಲಲ್ಲಿ ಅಷ್ಟು ಚಿಕ್ಕದು ಸಂಸಾರ ಮಾಡಿಕೊಂಡಿರುವಾಗ ಒಮ್ಮೊಮ್ಮೆ ಒಂದರ ಮಾತು ಇನ್ನೊಂದರ ಬಾಯಲ್ಲಿ ಬಂದರೆ ಅದು ಸೋಜಿಗವಲ್ಲ.

ಸದ್ದಿನ ಜಾತಿಯನ್ನು ಗುರುತಿಸಿದರೆ ಅದರ ಊರು ತಿಳಿಯುತ್ತದೆ. ತಂಬೂರಿಯ ಮಂದ್ರದಂತೆ ದಪ್ಪಗೆ, ಬಿಡದೆ ಗುಂಯ್ಗುಟ್ಟುವುದು ಮನೆಯ ವಿದ್ಯುತ್ತಿನ ಸದ್ದು. ನಮ್ಮ ದೇಶದಲ್ಲಿ ಅದು ಸೆಕೆಂಡಿಗೆ 50 ಸಲ ತೂಗಾಡುತ್ತದೆ, ಅದರ ಮರಿಗಳು 100, 150 ಎಂದು ಮೇಲೇರುತ್ತವೆ. ಸೊಳ್ಳೆಯಂತೆ ಸಣ್ಣಗೆ, ಒಂದೇ ಸ್ವರದಲ್ಲಿ ಕೀರಲಾಗಿ ಕೊರೆಯುವುದು ಬಹುಮಟ್ಟಿಗೆ ಕಂಪ್ಯೂಟರಿನದು, ಅದು ಯು.ಎಸ್.ಬಿ. ತಂತಿಯಲ್ಲಿ ಅಂಕಿಗಳನ್ನು ಸೆಕೆಂಡಿಗೆ 1,000 ಅಥವಾ 8,000 ಕಂತುಗಳಲ್ಲಿ ಕಳಿಸುವಾಗ ಆ ಕಂತುಗಳ ತಾಳವೇ ಸೋರಿ ಕೇಳಿಸುವುದುಂಟು. ‘ಟಿಗಿಟಿಗಿ ಟಿಗಿಟಿಗಿ’ ಎಂದು ತಡೆತಡೆದು ಬರುವುದು 2ಜಿ ಮೊಬೈಲಿನ ಕೆಲಸ. ಅದು ಸೆಕೆಂಡಿಗೆ ಸುಮಾರು 217 ಸಲ ಅಲೆಗಳನ್ನು ಉಗುಳುತ್ತದೆ, ದೂರ ಇಟ್ಟರೆ ಸದ್ದು ಅಡಗುತ್ತದೆ. ಮಳೆಯ ಸೋನೆಯಂತೆ ‘ಸುಸ್’ ಎನ್ನುವುದು ಪರಿವರ್ತಕದ ಸ್ವಂತ ಉಸಿರು. ಬಹಳ ಚುರುಕಾದ ಇಯರ್‌ಫೋನಿಗೆ ಅದು ಕೇಳಿಸುತ್ತದೆ. ತಂತಿಯನ್ನು ಅಲುಗಿಸಿದಾಗ ಮಾತ್ರ ‘ಚಟ್’ ಎನ್ನುವುದು ಸಡಿಲ ಕೀಲಿನದು. ಕಾರಿನಲ್ಲಿ ಮೊಬೈಲನ್ನು ಚಾರ್ಜಿಗೆ ಹಾಕಿಕೊಂಡು ಹಾಡು ಕೇಳುವಾಗ, ಎಂಜಿನ್ನಿನ ವೇಗ ಹೆಚ್ಚಿದಂತೆಲ್ಲ ಸ್ವರ ಏರುತ್ತ ಹೋಗುವ ಊಳು ಕಾರಿನ ಆಲ್ಟರ್ನೇಟರಿನದು. ಚಾರ್ಜರು ಕಿತ್ತರೆ ಬಾಯಿ ಮುಚ್ಚುತ್ತದೆ.

ಹೀಗೆ ಊರು ತಿಳಿದ ಮೇಲೆಯೂ ಸದ್ದು ಬಂದ ಹಾದಿಯನ್ನು ಹಿಡಿಯುವುದಕ್ಕೆ ತಾಳ್ಮೆ ಬೇಕು. ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ ನಡೆದ ಸಂಗತಿ ಇದಕ್ಕೆ ಒಳ್ಳೆಯ ನಿದರ್ಶನ.

ಆ ಮನೆಯ ಹಿರಿಯರು ನಿವೃತ್ತ ಉಪಾಧ್ಯಾಯರು; ಬೀದಿಯವರೆಲ್ಲರಿಗೂ ಮೇಷ್ಟರು. ಎಪ್ಪತ್ತೆಂಟರ ವಯಸ್ಸು, ಹದಿನೈದು ವರ್ಷಗಳ ಸಕ್ಕರೆ ಕಾಯಿಲೆ. ಹೆಂಡತಿ ತೀರಿಕೊಂಡು ನಾಲ್ಕು ವರ್ಷಗಳಾಗಿದ್ದುವು. ಆಕೆ ವೇದಿಕೆ ಏರಿದವರಲ್ಲ. ಆದರೆ ಶುಕ್ರವಾರ ಸಂಜೆ ದೇವರ ಮುಂದೆ ಕುಳಿತು ದಾಸರ ಪದಗಳನ್ನು ಹಾಡುತ್ತಿದ್ದರು. ಮೇಷ್ಟರು ಹಿಂದೆ ಕೆಲವು ಕ್ಯಾಸೆಟ್ಟುಗಳಲ್ಲಿ ಅದನ್ನು ಹಿಡಿದಿಟ್ಟಿದ್ದರು. ಕ್ಯಾಸೆಟ್ಟುಗಳಿಗೆ ಬೂಸಲು ಹಿಡಿಯತೊಡಗಿದಾಗ ಮಗ ಅವನ್ನು ಅಂಗಡಿಗೆ ಕೊಟ್ಟು ಅಂಕಿಗಳಾಗಿ ಮಾಡಿಸಿ, ಲ್ಯಾಪ್‌ಟಾಪಿನಲ್ಲಿ ಇರಿಸಿಕೊಟ್ಟನು. ಒಂದು ಚಿಕ್ಕ ಪರಿವರ್ತಕವನ್ನೂ ತಂದನು. ಮೇಷ್ಟರಿಗೆ ಮಾತ್ರ ತಮ್ಮ ಹಳೆಯ ಸ್ಟೀರಿಯೋ ಪೆಟ್ಟಿಗೆಯ ದೊಡ್ಡ ತಿರುಗುಗುಬ್ಬಿಯೇ ಬೇಕು. ಬೆರಳ ತುದಿಯಲ್ಲಿ ಸವರುವ ಪರದೆ ಅವರಿಗೆ ಒಗ್ಗದು. ಆದ್ದರಿಂದ ಲ್ಯಾಪ್‌ಟಾಪಿನಿಂದ ಪರಿವರ್ತಕಕ್ಕೆ, ಪರಿವರ್ತಕದಿಂದ ಸ್ಟೀರಿಯೋಕ್ಕೆ, ಸ್ಟೀರಿಯೋದಿಂದ ಅವರ ಹೆಡ್‌ಫೋನಿಗೆ ಎಂದು ಸಾಲಾಗಿ ಜೋಡಿಸಿದ್ದಾಯಿತು.

ಮೊದಲ ದಿನವೇ ಹಾಡಿನ ಕೆಳಗೆ ಗುಂಯ್ ಎಂಬ ಸದ್ದು ಕೇಳಿಸಿತು. ಮೇಷ್ಟರು ಯಾರಿಗೂ ಹೇಳಲಿಲ್ಲ. ವಯಸ್ಸಾದವರ ಕಿವಿಯಲ್ಲಿ ತಾನೇ ತಾನಾಗಿ ಸದ್ದು ಕೇಳಿಸುವುದುಂಟೆಂದು ಅವರು ಎಲ್ಲಿಯೋ ಓದಿದ್ದರು. ಲ್ಯಾಪ್‌ಟಾಪಿನ ಲೋಹದ ಮೈಯನ್ನು ಸವರಿದಾಗ ಬೆರಳಿನಲ್ಲಿ ಇರುವೆ ಹರಿದಂತಾಗುತ್ತಿತ್ತು. ಅದನ್ನೂ ಅವರು ಸಕ್ಕರೆ ಕಾಯಿಲೆಯ ಲೆಕ್ಕಕ್ಕೆ ಬರೆದುಕೊಂಡರು. ಹೀಗೆ ಒಂದು ಮನೆಯ ರೋಗವನ್ನು ಒಬ್ಬ ಮುದುಕರು ತಮ್ಮ ಮೈಮೇಲೆ ಹೊತ್ತುಕೊಂಡು, ಹಾಡು ಕೇಳುವುದನ್ನೇ ಮೆಲ್ಲಮೆಲ್ಲನೆ ಬಿಟ್ಟರು.

ಒಂದು ದಿನ ಸೊಸೆ ಕೇಳಿದಳು: “ಮಾವ, ಈಚೆಗೆ ಯಾಕೆ ಅತ್ತೆಯವರ ಹಾಡು ಹಾಕಿಕೊಳ್ಳುವುದೇ ಇಲ್ಲ?”

“ನನ್ನ ಕಿವಿ ಕೆಟ್ಟಿತಮ್ಮ. ಅವಳ ದನಿಗಿಂತ ಗುಂಯ್ ಎನ್ನುವುದೇ ಹೆಚ್ಚಾಗಿ ಕೇಳುತ್ತದೆ.”

ಸೊಸೆ ಹೆಡ್‌ಫೋನನ್ನು ತನ್ನ ಕಿವಿಗೆ ಏರಿಸಿಕೊಂಡಳು. “ನಿಮ್ಮ ಕಿವಿ ಚೆನ್ನಾಗಿಯೇ ಇದೆ ಮಾವ. ನನಗೂ ಕೇಳುತ್ತಿದೆ,” ಎಂದಳು. ಆ ಒಂದು ಮಾತಿನಿಂದ ಮೇಷ್ಟರಿಗೆ ಅರ್ಧ ಆಯುಸ್ಸು ಮರಳಿ ಬಂದಂತಾಯಿತು.

ಮಗನದು ಅವಸರದ ಸ್ವಭಾವ. ಅವನು ಪರಿವರ್ತಕವನ್ನು ದೂರಿ, ಇಮ್ಮಡಿ ಬೆಲೆಯ ಇನ್ನೊಂದನ್ನು ತಂದನು. ಸದ್ದು ಹಾಗೆಯೇ ಇತ್ತು. ತಂತಿಗೆ ಕಚ್ಚಿಸುವ ಫೆರೈಟ್ ಮಣಿಯನ್ನು ತಂದನು. ಆ ಮಣಿ ಬಹು ಬೇಗ ತೂಗಾಡುವ ಅಲೆಗಳನ್ನು ತಡೆಯಬಲ್ಲುದೇ ಹೊರತು, ಸೆಕೆಂಡಿಗೆ 50 ಸಲ ತೂಗುವ ದಪ್ಪ ಸದ್ದಿಗೆ ಅದೊಂದು ಒಡವೆ ಮಾತ್ರ. ಕೊನೆಗೆ ಪರಿಚಯದವರೊಬ್ಬರು, “ಚಾರ್ಜರಿನ ಮೂರನೆಯ ಕಡ್ಡಿಯನ್ನು ತಪ್ಪಿಸಿಬಿಡಿ, ಸದ್ದು ನಿಲ್ಲುತ್ತದೆ,” ಎಂದು ಉಪದೇಶಿಸಿದರು. ಮೂರು ಕಡ್ಡಿಯ ಪ್ಲಗ್ಗನ್ನು ಎರಡು ಕಡ್ಡಿಯದಾಗಿ ಮಾಡುವ ಒಂದು ತುಂಡು ಅಂಗಡಿಯಿಂದ ಬಂದಿತು. ಅದನ್ನು ಹಾಕಿದರೂ ಸದ್ದಿನಲ್ಲಿ ಎಳ್ಳಷ್ಟೂ ವ್ಯತ್ಯಾಸವಾಗಲಿಲ್ಲ.

ಆಗ ಸೊಸೆ ಕೆಲಸವನ್ನು ತನ್ನ ಕೈಗೆ ತೆಗೆದುಕೊಂಡಳು. ಅಕ್ಕಿಯಲ್ಲಿ ಕಲ್ಲು ಆರಿಸುವವರು ಮೊರದಲ್ಲಿ ಸ್ವಲ್ಪಸ್ವಲ್ಪವೇ ಹರಡಿಕೊಂಡು ನೋಡುವಂತೆ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಕೇಳಿ, ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟಳು. ಮೊದಲು ಪರಿವರ್ತಕವನ್ನು ತನ್ನ ಮೊಬೈಲಿಗೆ ಸಿಕ್ಕಿಸಿ, ಹೆಡ್‌ಫೋನನ್ನು ನೇರವಾಗಿ ಅದಕ್ಕೇ ಜೋಡಿಸಿದಳು: ಗುಂಯ್ ಇಲ್ಲ. ಹಾಗಾದರೆ ಪರಿವರ್ತಕವೂ ಹೆಡ್‌ಫೋನೂ ನಿರಪರಾಧಿಗಳು. ಲ್ಯಾಪ್‌ಟಾಪಿಗೆ ಚಾರ್ಜರು ಹಾಕಿ, ಸ್ಟೀರಿಯೋವನ್ನು ಬಿಟ್ಟು ಕೇಳಿದಳು: ಇಲ್ಲ. ಸ್ಟೀರಿಯೋವನ್ನು ಜೋಡಿಸಿ, ಚಾರ್ಜರನ್ನು ಕಿತ್ತು, ಲ್ಯಾಪ್‌ಟಾಪನ್ನು ಬ್ಯಾಟರಿಯ ಮೇಲೆ ನಡೆಸಿದಳು: ಆಗಲೂ ಇಲ್ಲ. ಚಾರ್ಜರನ್ನೂ ಸ್ಟೀರಿಯೋವನ್ನೂ ಕೂಡಿಸಿದ ಗಳಿಗೆ, ಗುಂಯ್!

“ಬೇರೆ ಬೇರೆ ಇದ್ದಾಗ ಇಬ್ಬರೂ ಸಾಧುಗಳು, ಒಂದೇ ಸೂರಿನಡಿ ಸೇರಿದರೆ ಜಗಳ,” ಎಂದರು ಮೇಷ್ಟರು. ಅವರಿಗೂ ಈಗ ಹುರುಪು ಬಂದಿತ್ತು.

ಸೊಸೆ ನಗಲಿಲ್ಲ. ಅವಳ ಮನಸ್ಸು ಬೇರೊಂದರ ಮೇಲಿತ್ತು. “ಮೂರನೆಯ ಕಡ್ಡಿಯನ್ನು ತಪ್ಪಿಸಿದಾಗಲೂ ಏನೂ ಬದಲಾಗಲಿಲ್ಲವಲ್ಲ ಮಾವ. ಇದ್ದದ್ದನ್ನು ತೆಗೆದರೆ ಏನಾದರೂ ವ್ಯತ್ಯಾಸ ಕಾಣಬೇಕು. ಅದು ಮೊದಲಿನಿಂದಲೇ ಇಲ್ಲದಿದ್ದರೆ?” ಎಂದಳು. ಮೇಷ್ಟರು ಆಗ ತಮ್ಮ ಬೆರಳಿನ ಇರುವೆಯ ಸಂಗತಿಯನ್ನು ಬಾಯಿಬಿಟ್ಟರು. ಆ ತುಂಡನ್ನು ಅಂದೇ ಎಸೆದು, ಮರುದಿನ ಬೆಳಗ್ಗೆ ಎಲೆಕ್ಟ್ರೀಷಿಯನ್ನನ್ನು ಕರೆಸಿದರು.

ಅವನು ಟೆಸ್ಟರನ್ನು ಲ್ಯಾಪ್‌ಟಾಪಿನ ತಿರುಪಿಗೆ ಮುಟ್ಟಿಸಿದನು. ಒಳಗಿನ ಪುಟ್ಟ ದೀಪ ಮಂದವಾಗಿ ಕೆಂಪಗೆ ಹೊತ್ತಿತು. ಸಾಕೆಟ್ಟಿನ ಫೇಸಿಗೂ ನ್ಯೂಟ್ರಲಿಗೂ ಟೆಸ್ಟ್ ಲ್ಯಾಂಪು ಹಿಡಿದನು, ಉರಿಯಿತು. ಫೇಸಿಗೂ ಅರ್ಥ್‌ಗೂ ಹಿಡಿದನು, ಉರಿಯಲಿಲ್ಲ. ಅಡಿಗೆಮನೆಯಲ್ಲಿಯೂ ಉರಿಯಲಿಲ್ಲ, ಬಚ್ಚಲುಮನೆಯಲ್ಲಿಯೂ ಉರಿಯಲಿಲ್ಲ. ಹಿತ್ತಿಲಿಗೆ ಹೋಗಿ, ಹಿಂದಿನವರು ಇದ್ದಿಲು ಉಪ್ಪು ತುಂಬಿ ಕೊಳವೆ ಹೂತಿದ್ದ ಗುಂಡಿಯ ಮುಚ್ಚಳ ತೆಗೆದು ನೋಡಿದರೆ, ತಂತಿ ತುಕ್ಕು ತಿಂದು ಕೊಳವೆಯಿಂದ ಬೇರೆಯಾಗಿ ಎಷ್ಟೋ ಕಾಲವಾಗಿತ್ತು.

“ಸಾರ್, ನಿಮ್ಮ ಮನೆಗೆ ಅರ್ಥವೇ ಇಲ್ಲ!” ಎಂದನು ಅವನು.

ನಲವತ್ತು ವರ್ಷ ಕನ್ನಡ ಪಾಠ ಹೇಳಿದ ಮೇಷ್ಟರಿಗೆ ಇದಕ್ಕಿಂತ ದೊಡ್ಡ ವಿಮರ್ಶೆ ಯಾರಿಂದಲೂ ಬಂದಿರಲಿಲ್ಲ. ಅವರು ನಕ್ಕರು, ಆದರೆ ಅವನು ಮುಂದೆ ಹೇಳಿದ ಮಾತು ನಗುವಂತಹುದಾಗಿರಲಿಲ್ಲ.

ಲ್ಯಾಪ್‌ಟಾಪಿನ ಚಾರ್ಜರಿನೊಳಗೆ, ಅದರ ಒಳಗದ್ದಲ ಹೊರಗೆ ಹರಡದಂತೆ ತಡೆಯುವ ಚಿಕ್ಕ ಕೆಪ್ಯಾಸಿಟರುಗಳಿರುತ್ತವೆ. ಅವುಗಳ ಮೂಲಕ ಕೂದಲೆಳೆಯಷ್ಟು ವಿದ್ಯುತ್ತು ಸದಾ ಸೋರುತ್ತಿರುತ್ತದೆ. ಆ ಸೋರಿಕೆ ಪ್ರಾಣಕ್ಕೆ ಅಪಾಯವಿಲ್ಲದಷ್ಟು ಸಣ್ಣದಾಗಿರುವಂತೆ ಮೊದಲೇ ಅಳೆದು ಮಾಡಿರುತ್ತಾರೆ. ಮೂರನೆಯ ಕಡ್ಡಿ ನೆಲಕ್ಕೆ ಸೇರಿದ್ದರೆ ಅದು ಸದ್ದಿಲ್ಲದೆ ಮಣ್ಣಿಗೆ ಇಳಿದುಹೋಗುತ್ತದೆ. ನೆಲದ ದಾರಿ ಕಡಿದಾಗ ಅದು ಲೋಹದ ಮೈಯ ಮೇಲೆ ನಿಂತು ಬೇರೆ ದಾರಿ ಹುಡುಕುತ್ತದೆ. ಬೆರಳು ಸಿಕ್ಕಿದರೆ ಇರುವೆಯಾಗಿ ಹರಿಯುತ್ತದೆ. ಸ್ಟೀರಿಯೋಕ್ಕೆ ಹೋಗುವ ತಂತಿ ಸಿಕ್ಕಿದರೆ ಅದರ ಹೊರಕವಚದ ಮೂಲಕ ಹಾದು, ಸ್ಟೀರಿಯೋದ ಟ್ರಾನ್ಸ್‌ಫಾರ್ಮರನ್ನು ದಾಟಿ ಮನೆಯ ವೈರಿಂಗಿಗೆ ಮರಳುತ್ತದೆ. ಆ ಹೊರಕವಚವೇ ಸಂಗೀತದ ಏರಿಳಿತವನ್ನು ಅಳೆಯುವ ಸೊನ್ನೆಯ ಗೆರೆ. ಅಳತೆಗೋಲೇ ನಡುಗತೊಡಗಿದರೆ ಅಳೆದದ್ದೆಲ್ಲವೂ ನಡುಗಿದಂತೆಯೇ ಕಾಣುತ್ತದೆ. ಆ ನಡುಕವನ್ನೇ ಮೇಷ್ಟರು ಗುಂಯ್ ಎಂದು ಕೇಳುತ್ತಿದ್ದುದು.

ಇಲ್ಲಿಯವರೆಗೆ ಅದು ಸಂಗೀತದ ತೊಂದರೆ. ಬಚ್ಚಲುಮನೆಯ ಗೀಸರಿನ ಮಾತು ಬೇರೆ. ಗೀಸರಿನೊಳಗಿನ ಕಾಯಿಲು ಒಡೆದು ಫೇಸು ಅದರ ಲೋಹದ ಮೈಗೆ ತಾಗಿತೆಂದುಕೊಳ್ಳೋಣ. ಅರ್ಥ್ ಸರಿಯಾಗಿದ್ದರೆ ವಿದ್ಯುತ್ತು ಆ ದಾರಿಯಲ್ಲಿ ನುಗ್ಗಿ, ಫ್ಯೂಸನ್ನೋ ಬ್ರೇಕರನ್ನೋ ಬೀಳಿಸುತ್ತದೆ. ಆ ಮನೆಯಲ್ಲಿ ಹಾಗಾಗುವಂತಿರಲಿಲ್ಲ. ಎಲ್ಲ ಸಾಕೆಟ್ಟುಗಳ ಅರ್ಥ್ ತಂತಿಗಳೂ ಒಂದಕ್ಕೊಂದು ಸೇರಿದ್ದು, ನೆಲಕ್ಕೆ ಮಾತ್ರ ಸೇರದೆ ಇದ್ದುದರಿಂದ, ಗೀಸರಿನ 230 ವೋಲ್ಟು ಅದೇ ತಂತಿಗಳ ಹಾದಿಯಲ್ಲಿ ಫ್ರಿಜ್ಜಿನ ಮೈಗೂ ಬಟ್ಟೆ ಒಗೆಯುವ ಯಂತ್ರದ ಮೈಗೂ ಹಬ್ಬಿ, ಒದ್ದೆ ಕೈಯಿಂದ ಮುಟ್ಟುವವರಿಗಾಗಿ ಕಾಯುತ್ತಿತ್ತು. ಮನೆಯಲ್ಲಿ ಮೂವರು ದೊಡ್ಡವರು, ಇಬ್ಬರು ಮಕ್ಕಳು. ಅಷ್ಟು ದಿನವೂ ಗೀಸರು ಕೆಡದೆ ಇದ್ದದ್ದೊಂದೇ ಅವರನ್ನು ಕಾಯ್ದಿದ್ದುದು.

ಹೊಸ ಕೊಳವೆ, ಹೊಸ ತಂತಿ ಬಂದುವು. ಜೊತೆಗೆ, 30 ಮಿಲಿಯಾಂಪಿಯರಿನಷ್ಟು ವಿದ್ಯುತ್ತು ದಾರಿ ತಪ್ಪಿದರೂ ಕಣ್ಣು ಮಿಟುಕಿಸುವುದರೊಳಗೆ ಕಡಿದುಹಾಕುವ ಆರ್.ಸಿ.ಸಿ.ಬಿ. ಎಂಬ ಕಾವಲುಗಾರನನ್ನೂ ಮೀಟರಿನ ಪಕ್ಕದಲ್ಲಿ ಕೂರಿಸಲಾಯಿತು. ಅಂದು ಸಂಜೆ ಚಾರ್ಜರನ್ನೂ ಸ್ಟೀರಿಯೋವನ್ನೂ ಕೂಡಿಸಿ ಕೇಳಿದರೆ ಗುಂಯ್ ಸದ್ದು ಅಡಗಿತ್ತು. ಲ್ಯಾಪ್‌ಟಾಪಿನ ಮೈ ಸವರಿದರೆ ಇರುವೆಯೂ ಇರಲಿಲ್ಲ.

ಎಲ್ಲ ಮನೆಗಳ ಗುಂಯ್ ಸದ್ದಿಗೂ ಇದೇ ಕಾರಣವಲ್ಲ. ಅರ್ಥ್ ಸರಿಯಿದ್ದು, ಎರಡು ಯಂತ್ರಗಳು ಎರಡು ದೂರದ ಸಾಕೆಟ್ಟುಗಳಿಂದ ನೆಲಕ್ಕಿಳಿದಾಗಲೂ, ಆ ಎರಡು ದಾರಿಗಳ ನಡುವೆ ಸುತ್ತು ಬಿದ್ದು ಸದ್ದು ಹುಟ್ಟುವುದುಂಟು. ಆಗ ಎರಡನ್ನೂ ಒಂದೇ ಪಟ್ಟಿಗೆಯ ಸಾಕೆಟ್ಟುಗಳಿಗೆ ತರುವುದು, ತಂತಿಗಳನ್ನು ಗಿಡ್ಡವಾಗಿಸುವುದು, ಚಾರ್ಜರಿನ ತಂತಿಯಿಂದ ಧ್ವನಿಯ ತಂತಿಯನ್ನು ದೂರ ಸರಿಸುವುದು ಮೊದಲ ಚಿಕಿತ್ಸೆ. ಅದರಿಂದಲೂ ಆಗದಿದ್ದರೆ, ತಂತಿಯಿಂದ ತಂತಿಗೆ ನೇರ ಸಂಬಂಧವಿಲ್ಲದೆ ಧ್ವನಿಯನ್ನಷ್ಟೇ ದಾಟಿಸುವ ಪುಟ್ಟ ಟ್ರಾನ್ಸ್‌ಫಾರ್ಮರು, ಇಲ್ಲವೆ ಯು.ಎಸ್.ಬಿ. ತಂತಿಗೆ ಹಾಕುವ ಐಸೊಲೇಟರು ಸಿಗುತ್ತವೆ. ಇವು ನ್ಯಾಯವಾದ ಉಪಾಯಗಳು. ಮೂರನೆಯ ಕಡ್ಡಿಯನ್ನು ಮುರಿಯುವುದು ಮಾತ್ರ ಉಪಾಯವಲ್ಲ. ಪ್ಲಗ್ಗಿನ ಆ ಕಡ್ಡಿಯನ್ನು ಉಳಿದೆರಡಕ್ಕಿಂತ ದಪ್ಪಗೂ ಉದ್ದಕ್ಕೂ ಮಾಡಿರುವುದು ಅಂದಕ್ಕಲ್ಲ. ವಿದ್ಯುತ್ತು ಒಳಗೆ ಬರುವುದಕ್ಕೆ ಮೊದಲು ನೆಲದ ಆಸರೆ ಸಿಕ್ಕಲಿ, ವಿದ್ಯುತ್ತು ಹೋದ ಮೇಲೆಯೇ ಆ ಆಸರೆ ತಪ್ಪಲಿ ಎಂದು. ಅದನ್ನು ಮುರಿದು ಸದ್ದು ನಿಲ್ಲಿಸುವವರು, ನಾಯಿ ಬೊಗಳುತ್ತದೆಂದು ನಾಯಿಯನ್ನು ಹೊಡೆದಟ್ಟಿ ಕಳ್ಳನಿಗೆ ದಾರಿ ಬಿಟ್ಟವರಾಗುತ್ತಾರೆ.

ಇನ್ನು ಕೆಲವರು ಸದ್ದನ್ನು ಹುಡುಕುವ ಗೋಜಿಗೇ ಹೋಗದೆ, ಹಾಡಿನ ಧ್ವನಿಯನ್ನು ಏರಿಸಿ ಅದನ್ನು ಮುಚ್ಚಿಬಿಡುತ್ತಾರೆ. ಇದರ ಸುಂಕವನ್ನು ಕಿವಿ ತೆರುತ್ತದೆ. ದೊಡ್ಡವರು 80 ಡೆಸಿಬೆಲ್ಲಿನಷ್ಟು ಧ್ವನಿಯನ್ನು ವಾರಕ್ಕೆ 40 ಗಂಟೆಗಳಿಗಿಂತ ಹೆಚ್ಚು ಕೇಳಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಧ್ವನಿ ಏರಿದಷ್ಟೂ ಆ ಗಂಟೆಗಳು ಬೇಗಬೇಗನೆ ಕರಗುತ್ತವೆ. ಮಕ್ಕಳ ಕಿವಿಗೆ ಇದಕ್ಕಿಂತಲೂ ಕಡಮೆ ಇರಬೇಕು. ಹಿನ್ನೆಲೆ ನಿಶ್ಶಬ್ದವಾಗಿದ್ದರೆ ಮೆಲುದನಿಯೂ ಸಾಕಾಗುತ್ತದೆಂಬುದೇ ಸದ್ದನ್ನು ಬೇರುಸಹಿತ ಕೀಳುವುದರ ದೊಡ್ಡ ಲಾಭ.

ಮೇಷ್ಟರ ಮನೆಯಲ್ಲಿ ಅರ್ಥ್ ಸರಿಹೋದ ಮೇಲೆಯೂ, ಬಹಳ ಗಮನವಿಟ್ಟು ಕೇಳಿದರೆ, ಆಕೆಯ ಹಾಡಿನ ತಳದಲ್ಲಿ ಗಾಳಿಯಲ್ಲಿ ತೇಲಿದಂತೆ ಒಂದು ಸಣ್ಣ ಗುಂಯ್ ಉಳಿದಿತ್ತು. ಸೊಸೆ ಮತ್ತೆ ಕ್ಯಾಲೆಂಡರನ್ನು ತೆಗೆದಳು. ಚಾರ್ಜರು ಕಿತ್ತರೂ ಇತ್ತು. ಮೊಬೈಲಿನಲ್ಲಿ ಹಾಕಿದರೂ ಇತ್ತು. ಬೇರೆ ಹಾಡು ಹಾಕಿದರೆ ಇರಲಿಲ್ಲ. ಆಕೆ ಉಸಿರೆಳೆದುಕೊಂಡು ಪದವನ್ನು ಎತ್ತಿಕೊಳ್ಳುವ ಮೊದಲೇ ಅದು ಆರಂಭವಾಗಿ, ಹಾಡು ಮುಗಿದು ಟೇಪು ನಿಂತಾಗ ನಿಲ್ಲುತ್ತಿತ್ತು. ಎಂದರೆ ಅದು ಇಂದಿನ ಮನೆಯ ಸದ್ದಲ್ಲ. ಆ ಶುಕ್ರವಾರದ ಸಂಜೆ, ಅದೇ ನಡುಮನೆಯಲ್ಲಿ, ಅಂದಿನ ವಿದ್ಯುತ್ತು ಕ್ಯಾಸೆಟ್ಟಿನೊಳಕ್ಕೆ ತಾನೂ ಬಂದು ಕುಳಿತಿತ್ತು. ಅಂಗಡಿಯವರು ಅಂಕಿ ಮಾಡುವಾಗ ಅದನ್ನೂ ನಂಬಿಕೆಯಿಂದ ಅಳೆದು ಬರೆದಿಟ್ಟಿದ್ದರು.

“ಕಂಪ್ಯೂಟರಿನಲ್ಲಿ ಇದನ್ನು ತೆಗೆದುಹಾಕಬಹುದಂತೆ ಮಾವ. ತೆಗೆಸೋಣವೇ?” ಎಂದು ಸೊಸೆ ಕೇಳಿದಳು.

ಮೇಷ್ಟರು ಸ್ವಲ್ಪ ಹೊತ್ತು ಯೋಚಿಸಿ, “ಬೇಡಮ್ಮ. ಅದು ಇದ್ದರೆ ಅವಳು ಇದೇ ಮನೆಯಲ್ಲಿ ಕುಳಿತು ಹಾಡಿದ ಹಾಗೆ ಕೇಳುತ್ತದೆ,” ಎಂದರು.

ಎರಡೂ ಒಂದೇ ಜಾತಿಯ ಸದ್ದು. ಎರಡೂ ಸೆಕೆಂಡಿಗೆ 50ರ ಲೆಕ್ಕದವೇ. ಒಂದನ್ನು ಹುಡುಕಿ ತೆಗೆದದ್ದು ವಿವೇಕ, ಇನ್ನೊಂದನ್ನು ಅರಿತು ಉಳಿಸಿಕೊಂಡದ್ದೂ ವಿವೇಕವೇ. ಯಾವುದು ಯಾವುದೆಂದು ತಿಳಿಯಬೇಕಾದರೆ ಮಾತ್ರ, ಕೇಳಿಸಿದ್ದನ್ನು ಅಲ್ಲಗಳೆಯದೆ, ಯಂತ್ರವನ್ನಾಗಲಿ ತನ್ನ ವಯಸ್ಸನ್ನಾಗಲಿ ಅವಸರದಿಂದ ದೂರದೆ, ಒಂದೊಂದೇ ತಂತಿಯನ್ನು ಬಿಚ್ಚಿ ನೋಡುವ ತಾಳ್ಮೆ ಬೇಕು. ಮನೆಯಲ್ಲಿ ಹಿರಿಯರು ಯಾರಾದರೂ “ನನಗೇನೋ ಸದ್ದು ಕೇಳುತ್ತಿದೆ” ಎಂದರೆ, “ನಿಮಗೆ ವಯಸ್ಸಾಯಿತು” ಎನ್ನುವುದಕ್ಕೆ ಮೊದಲು ಆ ಹೆಡ್‌ಫೋನನ್ನು ಒಂದು ಗಳಿಗೆ ತಮ್ಮ ಕಿವಿಗೆ ಏರಿಸಿಕೊಂಡು ನೋಡುವುದು ಒಳ್ಳೆಯದು.